ಭಾನುವಾರದ ರೀಡಿಂಗ್

ಎಂ.ಫಾರ್ಮದ ಎರಡನೆಯ ವರ್ಷ ಆರು ತಿಂಗಳ ಪ್ರಾಜೆಕ್ಟಿಗೆ ನನಗೆ ಜಾಗ ಸಿಕ್ಕಿದ್ದು ನಂಜನಗೂಡಿನ ಪಕ್ಕದ ತಾಂಡ್ಯದಲ್ಲಿ, ಒಂದು ಮಾತ್ರೆ ಕಾರ್ಖಾನೆಯಲ್ಲಿ. ತೊಂಬತ್ತರ ದಶಕದ ಕೊನೆ ಅದು. ನಮ್ಮ ವಿಶ್ವವಿದ್ಯಾಲಯದ ವಿಭಾಗದಲ್ಲಿ ಆಗ ಒಳ್ಳೆಯ ತಕ್ಕಡಿಗೂ ಸರದಿ ನಿಲ್ಲಬೇಕಾಗಿತ್ತು; ನನ್ನ ಕೆಲಸಕ್ಕೆ ಬೇಕಾದ ಸ್ಟೆಬಿಲಿಟಿ ಚೇಂಬರ್ ಅಂತೂ ಇರಲೇ ಇಲ್ಲ. ಚೇಂಬರ್ ಅಂದರೆ ಆಳೆತ್ತರದ ಒಂದು ಬೀರು. ಒಳಗೆ ಸದಾ ನಲವತ್ತು ಡಿಗ್ರಿ ಶಾಖ, ಮೈ ಅಂಟುವಷ್ಟು ತೇವ. ಹೊಸದಾಗಿ ಮಾಡಿದ ಮಾತ್ರೆಯನ್ನು ಅದರಲ್ಲಿ ಮೂರು ತಿಂಗಳು ಇಟ್ಟು ತೆಗೆದರೆ, ಅಂಗಡಿಯ ಕಪಾಟಿನಲ್ಲಿ ಅದು ವರ್ಷಗಟ್ಟಲೆ ಹೇಗಿದ್ದೀತು ಎಂಬುದು ಸುಮಾರಾಗಿ ಗೊತ್ತಾಗುತ್ತದೆ. ಆ ಮೂರು ತಿಂಗಳು ಶಾಖ ಇಳಿಯಬಾರದು. ಇಳಿದರೆ, ಇಳಿಯಿತು ಎಂದು ಬರೆಯಬೇಕು. ಅದಕ್ಕೇ ದಿನಾ ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ರೀಡಿಂಗ್ ತೆಗೆದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುವುದು.

ನನ್ನ ಸಂಶೋಧನೆ ಹುಣಸೆ ಬೀಜದ ಮೇಲೆ. ಬೀಜವನ್ನು ಬೇಯಿಸಿ ತೆಗೆದ ಅಂಟಿನಿಂದ ಮಾತ್ರೆಯ ಪುಡಿ ಕಟ್ಟಿಕೊಳ್ಳುವಂತೆ ಮಾಡಬಹುದೇ, ಮಾಡಿದರೆ ಆ ಮಾತ್ರೆ ಉಳಿಯುತ್ತದೆಯೇ ಎಂದು ನೋಡುವುದು. ಟಿ. ನರಸೀಪುರದ ನಮ್ಮ ಮನೆಯಲ್ಲಿ ಇದೊಂದು ತಮಾಷೆಯ ವಿಷಯ. "ಹುಣಸೆ ಬೀಜ ಹುರ್ಕೊಂಡ್ ತಿನ್ನೋಕೂ ಎಂ.ಫಾರ್ಮ ಬೇಕೇನೇ?" ಎಂದು ಅಮ್ಮ ಕೇಳುತ್ತಿದ್ದಳು. ಶಾಲೆಯ ಮೇಷ್ಟರಾಗಿದ್ದ ಅಪ್ಪ ಮಾತ್ರ ನಗುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ನಾನೊಬ್ಬಳೇ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ನಾನು ಬೆಳಿಗ್ಗೆ ಏಳರ ಬಸ್ಸು ಹಿಡಿದು ನಂಜನಗೂಡಿಗೆ ಹೋಗಿ, ಅಲ್ಲಿಂದ ತಾಂಡ್ಯ ಸೇರುತ್ತಿದ್ದೆ. ಸಂಜೆ ಅದೇ ದಾರಿ ವಾಪಸು.

ಕಾರ್ಖಾನೆಯ ಲ್ಯಾಬಿನಲ್ಲಿ ನನ್ನನ್ನು ಒಪ್ಪಿಸಿದ್ದು ಸೀನಿಯರ್ ಕೆಮಿಸ್ಟರಿಗೆ. ನಂಜನಗೂಡಿನವರು, ನಲವತ್ತರ ಆಸುಪಾಸು. ಹಣೆಯಲ್ಲಿ ವಿಭೂತಿ, ಅಂಗಿಯ ಜೇಬಿನಲ್ಲಿ ಎರಡೇ ಎರಡು ಪೆನ್ನು, ಎರಡೂ ನೀಲಿ. ಸೋಮವಾರ ಒಪ್ಪೊತ್ತು ಊಟ. ಅವರ ಸಹಿ ಬೀಳದೆ ಆ ಕಾರ್ಖಾನೆಯಿಂದ ಒಂದು ಡಬ್ಬಿ ಮಾತ್ರೆಯೂ ಆಚೆ ಹೋಗುತ್ತಿರಲಿಲ್ಲ. ಅವಸರ ಮಾಡುವ ಮ್ಯಾನೇಜರುಗಳಿಗೆ ಅವರನ್ನು ಕಂಡರೆ ಸಿಡಿಮಿಡಿ, ಆದರೆ ಆ ಸಹಿಯನ್ನು ಅನುಮಾನಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಲ ವಾರವೇ ನಾನು ಒಂದು ತೂಕವನ್ನು ತಪ್ಪಾಗಿ ಬರೆದು ಅದರ ಮೇಲೆಯೇ ತಿದ್ದಿದೆ. ಅವರು ಪುಸ್ತಕ ತಿರುಗಿಸಿ ತೋರಿಸಿದರು. "ತಿದ್ದಬೇಡ ಕಣವ್ವ. ತಪ್ಪಾದ್ರೆ ಅದರ ಮ್ಯಾಲೆ ಒಂದೇ ಒಂದು ಗೀಟು ಎಳಿ. ಕೆಳಗಿರೋ ತಪ್ಪು ಓದೋ ಹಂಗಿರಬೇಕು. ಪಕ್ಕದಲ್ಲಿ ಸರಿಯಾದ್ದು ಬರ್ದು ಸಹಿ ಹಾಕು, ತಾರೀಕು ಹಾಕು. ತಪ್ಪು ಮಾಡೋದೇನು ದೊಡ್ಡ ವಿಷ್ಯ ಅಲ್ಲ. ಮುಚ್ಚಬಾರ್ದು, ಅಷ್ಟೇಯ."

ಇನ್ನೊಂದು ಮಾತನ್ನೂ ಅವರು ಆಗಾಗ ಹೇಳುತ್ತಿದ್ದರು: "ಕಣ್ಣಿಗೆ ಕಂಡದ್ದ ಬರಿ. ಕಾಣಬೇಕಾದ್ದ ಬರೀಬೇಡ." ಐದು ವರ್ಷ ಔಷಧ ವಿಜ್ಞಾನ ಓದಿದ್ದ ನನಗೆ ಯಾವ ಪ್ರೊಫೆಸರೂ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿನಿಂದಲೂ ಜಾಣೆ.

ವಿದ್ಯಾರ್ಥಿಗಳು ಕಾರ್ಖಾನೆಯ ರಿಜಿಸ್ಟರಿನಲ್ಲಿ ಸಹಿ ಹಾಕುವಂತಿರಲಿಲ್ಲ. ಭಾನುವಾರ ಕಾರ್ಖಾನೆಗೆ ರಜ. ಆದರೆ ಚೇಂಬರಿಗೆ ರಜ ಇಲ್ಲ. ಪ್ರತಿ ಭಾನುವಾರ ಕೆಮಿಸ್ಟರೇ ಸೈಕಲ್ ತುಳಿದುಕೊಂಡು ಬಂದು, ಬೆಳಗಿನ ರೀಡಿಂಗ್ ತೆಗೆದು, ಸಂಜೆಯ ತನಕ ಕಾದು ಹೋಗುತ್ತಿದ್ದರು. ನನ್ನ ಮಾತ್ರೆಗಳು ಒಳಗೆ ಹೋದ ಮೇಲೆ ನಾನೇ ಅವರಿಗೆ ಹೇಳಿದೆ, "ವಾರ ಬಿಟ್ಟು ವಾರ ನಾನು ಬರ್ತೀನಿ ಸರ್, ನೀವು ಮನೇಲಿರಿ." ಮನೆಯಲ್ಲಿ ಅವರಿಗೆ ಏಳೆಂಟು ವರ್ಷದ ಮಗಳಿದ್ದಳು. ಅವರು ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ನಾನು ರೀಡಿಂಗನ್ನು ಚೀಟಿಯಲ್ಲಿ ಬರೆದು ಸೋಮವಾರ ಕೊಡಬೇಕು, ಅವರು ಅದನ್ನು ರಿಜಿಸ್ಟರಿಗೆ ಇಳಿಸಿ ತಮ್ಮ ಸಹಿ ಹಾಕಬೇಕು. ನಿಯಮಕ್ಕೆ ಇದು ಹೊರತು. ಅಷ್ಟು ಕಟ್ಟುನಿಟ್ಟಿನ ಮನುಷ್ಯ ನನಗಾಗಿ ಬಗ್ಗಿದ್ದು ಅದೊಂದು ಸಲ.

ಐದು ಭಾನುವಾರ ಸರಿಯಾಗಿಯೇ ಹೋದೆ. ಆರನೆಯದು ಬಂದದ್ದು ಅವರೆಕಾಯಿಯ ಕಾಲದಲ್ಲಿ.

ಯಾರಾದರೂ ಸತ್ತಿದ್ದರು, ಜ್ವರ ಬಂದಿತ್ತು, ಬಸ್ಸು ಕೆಟ್ಟಿತ್ತು ಎಂದು ಹೇಳಿಕೊಳ್ಳುವ ಹಾಗಿದ್ದರೆ ನನಗೂ ಹಗುರಾಗುತ್ತಿತ್ತು. ಅಂಥದ್ದೇನೂ ಇಲ್ಲ. ಅಮ್ಮ ತಲೆಗೆ ಎಣ್ಣೆ ಒತ್ತಿ ನೀರು ಹಾಕಿದಳು. ಹಿತಕಿದ ಬೇಳೆಯ ಸಾರು ಕುದಿಯುತ್ತಿತ್ತು. "ಭಾನುವಾರಾನೂ ಫ್ಯಾಕ್ಟ್ರಿ ಫ್ಯಾಕ್ಟ್ರಿ ಅಂತೀಯಲ್ಲೇ, ಒಂದಿನ ಮನೇಲಿ ಕೂತು ಬಿಸಿಯಾಗಿ ಉಣ್ಣಬಾರ್ದಾ?" ಎಂದಳು. ಉಂಡೆ. ಒದ್ದೆ ಕೂದಲು ಹರಡಿಕೊಂಡು ಚಾಪೆಯ ಮೇಲೆ ಮಲಗಿದೆ. ಶುಕ್ರವಾರ ನಲವತ್ತು, ಶನಿವಾರ ನಲವತ್ತು, ಭಾನುವಾರ ಇನ್ನೇನು ಐವತ್ತಾಗುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಬಸ್ಸಿನಲ್ಲಿ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಚೀಟಿ ಬರೆದೆ. ಎರಡು ಹೊತ್ತೂ ನಲವತ್ತು ಎಂದು ಬರೆದರೆ ಅನುಮಾನ ಬಂದೀತು. ಅದಕ್ಕೆ ಬೆಳಿಗ್ಗೆ ನಲವತ್ತು ಪಾಯಿಂಟ್ ಒಂದು, ಸಂಜೆ ಮೂವತ್ತೊಂಬತ್ತು ಪಾಯಿಂಟ್ ಒಂಬತ್ತು ಎಂದು ಹಾಕಿದೆ. ಸೋಮಾರಿತನವನ್ನು ಯಾರಾದರೂ ಕ್ಷಮಿಸಬಹುದು. ಆ ಪಾಯಿಂಟುಗಳನ್ನು ಮಾತ್ರ ನಾನೇ ಇವತ್ತಿಗೂ ಕ್ಷಮಿಸಿಲ್ಲ. ಕೆಮಿಸ್ಟರು ಚೀಟಿ ನೋಡಿ, ಅಂಕಿಗಳನ್ನು ರಿಜಿಸ್ಟರಿಗೆ ಇಳಿಸಿ, ಸಹಿ ಹಾಕಿದರು. ಚೀಟಿಯನ್ನು ಹಿಂದಿನವುಗಳ ಜೊತೆ ಮೇಜಿನ ಮೇಲಿದ್ದ ತಂತಿಗೆ ಚುಚ್ಚಿದರು.

ಅವತ್ತು ಸಂಜೆ ಗೇಟಿನಲ್ಲಿ ಕಾವಲುಗಾರ ನನ್ನನ್ನು ನೋಡಿ ನಕ್ಕ. "ನೆನ್ನೆ ಬರ್ನಿಲ್ವಲ್ಲವ್ವಾ? ಒಳ್ಳೇದೇ ಆಯ್ತು ಬುಡಿ. ಬೆಳಿಗ್ಗೆ ಒಂಬತ್ತಕ್ಕೆ ಓದ ಕರೆಂಟು ಸಂಜೆ ಐದ್ರ ಗಂಟ ಬರ್ನಿಲ್ಲ. ಜನರೇಟ್ರೂ ಕೆಟ್ ಕೂತಿತ್ತು. ಒಬ್ಬ ನರಪಿಳ್ಳೇನೂ ಇತ್ತಾಗೆ ಬಂದಿರ್ನಿಲ್ಲ."

ನಾನು ನಲವತ್ತು ಪಾಯಿಂಟ್ ಒಂದು ಎಂದು ಬರೆದ ಹೊತ್ತಿನಲ್ಲಿ ಆ ಚೇಂಬರು ಮಾಮೂಲಿ ಬೀರುವಿನ ಹಾಗೆ ತಣ್ಣಗೆ ನಿಂತಿತ್ತು. ತಿರುಗಿ ಲ್ಯಾಬಿಗೆ ಹೋಗಿ ಹೇಳಬಹುದಾಗಿತ್ತು. ಕೆಮಿಸ್ಟರು ಇನ್ನೂ ಒಳಗೇ ಇದ್ದರು. ಒಂದು ಗೀಟು, ಒಂದು ಸಹಿ, ಪಕ್ಕದಲ್ಲಿ 'ಕರೆಂಟು ಇರಲಿಲ್ಲ, ರೀಡಿಂಗ್ ತೆಗೆದಿಲ್ಲ' ಎಂದು ಒಂದು ಸಾಲು. ಅಷ್ಟರಲ್ಲಿ ಮುಗಿಯುತ್ತಿತ್ತು. ಅವರೆದುರು ಮುಖ ಸಣ್ಣದಾಗುತ್ತದಲ್ಲ ಎಂದು ನಾಚಿಕೆಯಾಯಿತು. ನಾಳೆ ಹೇಳೋಣ ಎಂದುಕೊಂಡು ಬಸ್ಸು ಹತ್ತಿದೆ. ನಾಳೆ ಕಳೆದು ನಾಡಿದ್ದಾಯಿತು. ಒಂದು ವಾರ ಕಳೆದ ಮೇಲೆ, ಇನ್ನು ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ ಎಂದು ಸುಮ್ಮನಾದೆ.

ಎರಡು ತಿಂಗಳ ಮೇಲೆ ಮಾತ್ರೆ ಕೊಳ್ಳುವ ಹೊರದೇಶದವರ ಪರವಾಗಿ ತಪಾಸಣೆಗೆ ಇಬ್ಬರು ಬಂದರು. ಮೃದು ಮಾತಿನ ಜನ. ಅವರು ಮಾಡಿದ್ದು ಒಂದೇ ಕೆಲಸ: ಚೇಂಬರಿನ ರಿಜಿಸ್ಟರು, ಎಲೆಕ್ಟ್ರಿಕಲ್ ವಿಭಾಗದ ರಿಜಿಸ್ಟರು, ಗೇಟಿನ ರಿಜಿಸ್ಟರು, ಮೂರನ್ನೂ ಅಕ್ಕಪಕ್ಕ ಹರಡಿಕೊಂಡು ತಾರೀಕು ಹೊಂದಿಸುತ್ತ ಹೋದದ್ದು. ಆ ಭಾನುವಾರ ಕರೆಂಟಿರಲಿಲ್ಲ. ಗೇಟು ದಾಟಿ ಯಾರೂ ಒಳಗೆ ಬಂದಿರಲಿಲ್ಲ. ಚೇಂಬರು ಮಾತ್ರ ನಲವತ್ತು ಡಿಗ್ರಿ ಕಾದಿತ್ತು.

ನಾನು ಪಕ್ಕದಲ್ಲಿ ಗಾಜಿನ ಸಾಮಾನು ತೊಳೆಯುವ ಕೋಣೆಯಲ್ಲಿದ್ದೆ. ನಡುವೆ ಇದ್ದದ್ದು ಅರ್ಧ ಎತ್ತರದ ಹಲಗೆಯ ಗೋಡೆ. ಒಂದೊಂದು ಮಾತೂ ಕೇಳಿಸುತ್ತಿತ್ತು. ಮ್ಯಾನೇಜರು ಕೆಮಿಸ್ಟರನ್ನು ಕೇಳಿದರು, "ಇದು ನಿಮ್ಮ ಸಹೀನಾ?"

"ನಂದೇ ಸರ್."

"ಅವತ್ತು ರೀಡಿಂಗ್ ತೆಗೆದದ್ದು ಯಾರು?"

ಪುಟ ತಿರುಗಿಸಿದ ಸದ್ದು. ಆ ಹೊತ್ತಿನಲ್ಲಿ ಅವರಿಗೆ ಎಲ್ಲ ತಿಳಿದಿರಬೇಕು. ತಂತಿಯಲ್ಲಿ ನನ್ನ ಕೈಬರಹದ ಚೀಟಿ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ. ಅವರು ಕೈ ಚಾಚಲಿಲ್ಲ.

"ಯಾರೂ ತೆಗೆದಿಲ್ಲ ಸರ್. ನೋಡದೆ ಬರೆದದ್ದು. ಸಹಿ ನಂದು."

ನಲ್ಲಿಯ ನೀರು ಹರಿಯುತ್ತಿತ್ತು. ಒಳಗೆ ಹೋಗಬೇಕಾದರೆ ಆರು ಹೆಜ್ಜೆ. ನನಗೆ ಥೀಸಿಸ್ ಒಪ್ಪಿಸಲು ಇನ್ನು ಮೂರು ವಾರ ಇತ್ತು. ಹೆಸರು ಆಚೆ ಬಂದರೆ ಕಾರ್ಖಾನೆಯವರು ವಿಭಾಗಕ್ಕೆ ಕಾಗದ ಬರೆಯುತ್ತಾರೆ, ವಿಭಾಗದವರು ಪ್ರಾಜೆಕ್ಟು ರದ್ದು ಮಾಡುತ್ತಾರೆ, ಅಪ್ಪ ಬೀದಿಯಲ್ಲಿ ತಲೆ ಎತ್ತಿಕೊಂಡು ನಡೆಯುವುದು ಹೇಗೆ. ಇದನ್ನೆಲ್ಲ ಎಷ್ಟು ಬೇಗ ಯೋಚಿಸಿಬಿಟ್ಟೆ! ಅವರಿಗೊಂದು ಮನೆಯಿದೆ, ಹೆಂಡತಿ ಮಗಳಿದ್ದಾರೆ ಎಂಬುದು ಆಮೇಲೆ ನೆನಪಾಯಿತು. ನಾನು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಬೀಕರು ತೊಳೆಯುತ್ತ ನಿಂತೆ.

ತಪಾಸಣೆಯವರಿಗೆ ಏನಾದರೂ ಕ್ರಮ ತೋರಿಸಬೇಕಾಗಿತ್ತು. ವಾರದೊಳಗೆ ಕೆಮಿಸ್ಟರಿಂದ ರಾಜೀನಾಮೆ ಬರೆಸಿಕೊಂಡರು. ಹದಿನಾರು ವರ್ಷ ಅಲ್ಲಿ ದುಡಿದವರು. ಕೊನೆಯ ದಿನ ಸೈಕಲ್ ಸ್ಟ್ಯಾಂಡಿನ ತನಕ ಅವರ ಹಿಂದೆ ಹೋದೆ. "ಸರ್," ಎಂದೆ.

ಅವರು ಬೀಗ ತೆಗೆಯುತ್ತ ಕೇಳಿದರು, "ಥೀಸಿಸ್ನಲ್ಲಿ ಆ ಭಾನುವಾರದ್ದ ಏನಂತ ಬರ್ದಿದ್ದೀಯವ್ವ?"

"ಇನ್ನೂ ಆ ಭಾಗ ಬರ್ದಿಲ್ಲ ಸರ್."

"ಕರೆಂಟು ಇರ್ನಿಲ್ಲ ಅಂತ ಬರಿ. ಎಂಟು ಗಂಟೆ ಚೇಂಬರು ನಿಂತಿತ್ತು ಅಂತ ಬರಿ. ಅಷ್ಟ್ ಮಾಡು. ಮಿಕ್ಕಿದ್ದ ಮಾತಾಡಬೇಡ. ಓದು ಮುಗಿಸು ತಾಯಿ." ಸೈಕಲ್ ಏರಿ ಹೋದರು.

ಮಾತಾಡಬೇಡ ಎಂದರಲ್ಲ, ಆ ಅಪ್ಪಣೆಯನ್ನು ಮಾತ್ರ ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದೆ! ಥೀಸಿಸ್‌ನಲ್ಲಿ ಅವರು ಹೇಳಿದ ಹಾಗೇ ಬರೆದೆ. ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಸಾಲಿನ ಮೇಲೆ ಬೆರಳಿಟ್ಟರು. "ಕರೆಂಟು ಹೋದದ್ದನ್ನು ಬರೆದಿದ್ದೀರಿ. ಒಳ್ಳೆಯದು. ಬಹಳ ಜನ ಇದನ್ನು ಬಚ್ಚಿಡುತ್ತಾರೆ," ಎಂದು ಹೊಗಳಿ ಪುಟ ತಿರುಗಿಸಿದರು. ಅಷ್ಟೇ. ನಿಜ ಹೇಳಿದ್ದರಿಂದ ನನ್ನ ಒಂದು ಅಂಕವೂ ಹೋಗಲಿಲ್ಲ. ನಾನು ಹೆದರಿ ಕಾಪಾಡಿಕೊಂಡ ಸುಳ್ಳು ಇಷ್ಟು ಅಗ್ಗದ್ದು ಎಂದು ತಿಳಿದು, ಆ ಕೋಣೆಯಿಂದ ಅಳುತ್ತ ಹೊರಬಂದೆ. ಪಾಸಾದ ಸಂತೋಷಕ್ಕೆ ಅಳುತ್ತಿದ್ದೇನೆ ಎಂದು ಗೆಳತಿಯರು ತಿಳಿದರು.

ಆಮೇಲೆ ಮೈಸೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಪಾಠ ಯಾವುದು ಗೊತ್ತೆ? ಔಷಧ ತಯಾರಿಕೆಯ ಶಿಸ್ತು, ದಾಖಲೆ ಇಡುವ ಕ್ರಮ. ಆಚಾರ ಹೇಳೋಕೆ, ಬದನೆಕಾಯಿ ತಿನ್ನೋಕೆ. ಕೆಮಿಸ್ಟರು ನಂಜನಗೂಡಿನ ಬಸ್ ನಿಲ್ದಾಣದ ಹತ್ತಿರ ಯಾರದೋ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ ಎಂದು ಕೇಳಿದೆ. ಬ್ಯಾಚುಗಳಿಗೆ ಸಹಿ ಹಾಕುತ್ತಿದ್ದ ಕೈ ಈಗ ಕೆಮ್ಮಿನ ಸಿರಪ್ಪು ಎತ್ತಿ ಕೊಡುತ್ತಿತ್ತು. ನಾನು ಆ ಊರಿಗೆ ಹೋಗುವುದನ್ನೇ ಬಿಟ್ಟೆ. ನಂಜನಗೂಡಿನ ಮೇಲೆ ಹಾದು ಹೋಗಬೇಕಾದ ಮದುವೆ ಮುಂಜಿಗೂ ಏನೋ ನೆಪ ಹೇಳುತ್ತಿದ್ದೆ. ಒಮ್ಮೊಮ್ಮೆ ಅವರ ಮೇಲೆಯೇ ಸಿಟ್ಟು ಬರುತ್ತಿತ್ತು. ಬಾಯಿಬಿಟ್ಟು ನನ್ನ ಹೆಸರು ಹೇಳಿದ್ದರೆ ನಾನು ಒಂದು ವರ್ಷ ಅತ್ತು ಇನ್ನೊಂದು ವರ್ಷ ಓದಿ ಮುಗಿಸುತ್ತಿದ್ದೆನಲ್ಲ. ಹೀಗೆ ಒಳ್ಳೆಯವರಾಗಿ ನನ್ನ ಬದುಕಿನ ಮೇಲೆ ಕೂತುಬಿಡಲು ಅವರಿಗೆ ಅಧಿಕಾರ ಕೊಟ್ಟವರಾರು ಎಂದು ರೇಗುತ್ತಿದ್ದೆ. ತಪ್ಪು ಮಾಡಿದವರ ಸಿಟ್ಟು ಹೀಗೇ ಇರುತ್ತದೆ.

ಹನ್ನೊಂದು ವರ್ಷ ಕಳೆಯಿತು. ಬಿ.ಫಾರ್ಮ ಎರಡನೆಯ ವರ್ಷದ ಪ್ರಾಕ್ಟಿಕಲ್ ಒಂದರಲ್ಲಿ, ಬಿಸಿನೀರಿನ ತೊಟ್ಟಿಯಲ್ಲಿ ಮಾತ್ರೆ ಕರಗುವುದನ್ನು ಹದಿನೈದು ನಿಮಿಷಕ್ಕೊಮ್ಮೆ ಅಳೆಯಬೇಕಾಗಿತ್ತು. ಸಂಜೆಯಾಗಿತ್ತು. ಉಳಿದವರೆಲ್ಲ ರೆಕಾರ್ಡು ಕೊಟ್ಟು ಹೋಗಿದ್ದರು. ಒಬ್ಬ ಹುಡುಗಿ ಮಾತ್ರ ಕೊನೆಯ ರೀಡಿಂಗಿಗೆ ಕಾಯುತ್ತ ಗಡಿಯಾರ ನೋಡುತ್ತಿದ್ದಳು. ದಿನಾ ನಂಜನಗೂಡಿನಿಂದ ಓಡಾಡುವವಳು. ನನಗೂ ಮನೆಗೆ ಹೋಗುವ ಆತುರ.

"ಹಿಂದಿನ ಎರಡು ರೀಡಿಂಗ್ ನೋಡ್ಕೊಂಡು ಅಂದಾಜಲ್ಲಿ ಬರೆದು ಹೋಗಮ್ಮ. ಬಸ್ ತಪ್ಪುತ್ತೆ," ಎಂದೆ. ಹೌದು, ನಾನೇ ಹಾಗೆ ಹೇಳಿದೆ. ಇಷ್ಟೆಲ್ಲ ಆದ ಮೇಲೂ.

ಅವಳು ತಲೆ ಎತ್ತದೆ ಹೇಳಿದಳು, "ಬೇಡ ಮೇಡಂ. ನಮ್ಮಪ್ಪ ಒಂದ್ಸಲ ಹಿಂಗೇ ನೋಡ್ದೆ ಬರ್ದು ಕೆಲಸ ಕಳ್ಕೊಂಡ್ರು. ತಾಂಡ್ಯದಲ್ಲಿ ಕೆಮಿಸ್ಟ್ ಆಗಿದ್ರು."

ನಾನು ಕೇಳಿದೆ, "ಅಪ್ಪ ಹೇಳಿದ್ರಾ?"

"ಅವರೇನೂ ಹೇಳಲ್ಲ. ಅಮ್ಮ ಹೇಳ್ತಾರೆ, ಜಗಳ ಆದಾಗೆಲ್ಲ. ಸುಳ್ಳು ಬರ್ದು ಸಂಸಾರಾನ ಬೀದೀಗ್ ತಂದ್ರಿ ಅಂತ. ಅಪ್ಪ ಎದ್ದು ಆಚೆ ಹೊಂಟೋಗ್ತಾರೆ." ಹದಿನೈದು ನಿಮಿಷ ಆಯಿತು. ಅವಳು ಬಗ್ಗಿ ರೀಡಿಂಗ್ ತೆಗೆದು, ಬರೆದು, ರೆಕಾರ್ಡನ್ನು ನನ್ನ ಮೇಜಿನ ಮೇಲಿಟ್ಟು ಬಸ್ಸಿಗೆ ಓಡಿದಳು.

ಅವಳಿಗೆ ನಿಜ ಹೇಳಲು ನನಗೆ ಮತ್ತೆ ಎರಡು ವಾರ ಬೇಕಾಯಿತು. ಹೇಡಿತನವೂ ಒಂದು ಅಭ್ಯಾಸ. ಆ ಎರಡು ವಾರವೂ ಅವಳು ಮುಂದಿನ ಬೆಂಚಿನಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಬೆಳೆದ ಮಗಳ ಕಣ್ಣಿನಲ್ಲಿ ಆ ಮನುಷ್ಯ ಸುಳ್ಳುಗಾರನಾಗಿ ಕೂತಿರುವುದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಕೆಲಸ ಹೋದದ್ದನ್ನಂತೂ ನಾನು ವಾಪಸು ಕೊಡಲಾರೆ. ಅವರ ಮಾನವನ್ನಾದರೂ ಕೊಡದಿದ್ದರೆ ನಾನು ಮನುಷ್ಯಳೇ ಅಲ್ಲ ಎನಿಸಿತು. ಒಂದು ಶನಿವಾರ ಅವಳನ್ನು ಸ್ಟಾಫ್ ರೂಮಿಗೆ ಕರೆದು, ಬಾಗಿಲು ಹಾಕಿ, ಅವರೆಕಾಳಿನಿಂದ ಹಿಡಿದು ತಂತಿಗೆ ಚುಚ್ಚಿದ ಚೀಟಿಯವರೆಗೆ ಒಂದನ್ನೂ ಬಿಡದೆ ಹೇಳಿದೆ.

ಅವಳು ಕೇಳಿದಳು, "ಅಪ್ಪಂಗೆ ಇದು ಗೊತ್ತಾ?"

"ಅವತ್ತಿನಿಂದ ಗೊತ್ತು."

"ನೀವು ಪಾಠ ಮಾಡ್ತೀರಿ ಅಂದಾಗ ಅಪ್ಪ, 'ಅವರು ಕೆಲಸ ಗೊತ್ತಿರೋರು, ಚೆನ್ನಾಗಿ ಕಲ್ತ್ಕೊ' ಅಂದ್ರು," ಎಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಆಮೇಲೆ ಅವಳು ಕೇಳಿದ್ದು ಒಂದೇ, "ಇದನ್ನ ಬಂದು ನಮ್ಮಮ್ಮಂಗೆ ಹೇಳ್ತೀರಾ?"

ಮಾರನೆಯ ದಿನವೇ ಹೋದೆ. ನಂಜನಗೂಡಿನಲ್ಲಿ ಹೆಂಚಿನ ಪುಟ್ಟ ಮನೆ. ಕೆಮಿಸ್ಟರು ಜಗಲಿಯ ಮೇಲೆ ಪೇಪರು ಓದುತ್ತಿದ್ದರು. ಕೂದಲೆಲ್ಲ ಬೆಳ್ಳಗಾಗಿತ್ತು. ಮಗಳ ಹಿಂದೆ ನನ್ನನ್ನು ಕಂಡವರು ಎದ್ದು ನಿಂತರು. ಯಾಕೆ ಬಂದೆ ಎಂದು ಅವರಿಗೆ ಹೊಳೆಯಿತು. "ಬೇಡ ಕಣವ್ವ, ಹಳೇ ಮಾತು," ಎಂದರು. ಮಗಳು ಅವರ ಮಾತು ಕೇಳಿಸಿಕೊಳ್ಳದವಳಂತೆ ನನ್ನನ್ನು ನಡುಮನೆಗೆ ಕರೆದುಕೊಂಡು ಹೋದಳು. ಅವಳ ತಾಯಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಮಗಳ ಮೇಡಂ ಬಂದರೆಂದು ಸಂಭ್ರಮದಿಂದ ಎದ್ದು, "ಬನ್ನಿ ಬನ್ನಿ, ಕೂತ್ಕಳಿ, ಕಾಪಿ ಮಾಡ್ತೀನಿ," ಎಂದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಈ ಸಲ ಹೆಚ್ಚು ಮಾತು ಬೇಕಾಗಲಿಲ್ಲ. ಆ ಅಂಕಿ ಬರೆದವಳು ನಾನು, ನಿಮ್ಮ ಯಜಮಾನರು ನಂಬಿ ಸಹಿ ಹಾಕಿದರು, ಕೇಳಿದಾಗ ನನ್ನ ಹೆಸರು ಹೇಳಲಿಲ್ಲ, ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಆಕೆ ನನ್ನನ್ನು ನೋಡಲೇ ಇಲ್ಲ. ಬಾಗಿಲಲ್ಲಿ ನಿಂತಿದ್ದ ಗಂಡನನ್ನು ನೋಡುತ್ತಿದ್ದರು.

"ಅನ್ನೊಂದು ವರ್ಸ," ಎಂದರು. "ಅನ್ನೊಂದು ವರ್ಸ ನನ್ ಬಾಯಲ್ಲಿ ಸುಳ್ಳ ಅಂತ ಅನ್ನಿಸ್ಕೊಂಡ್ರಲ್ರೀ. ನಮ್ಮಪ್ಪ ಸತ್ತಾಗ ಅಷ್ಟ್ ಜನದ ಮುಂದೆ ಅಂದೆ. ಒಂದ್ ದಿನಾನಾರಾ ಅಲ್ಲ ಕಣೆ ಅನ್ಬಾರ್ದಾಗಿತ್ತಾ?"

"ನೋಡದೆ ಸಹಿ ಹಾಕಿದ್ದು ನಾನೇ ಅಲ್ವಾ. ನೀನು ಅಂದದ್ದರಲ್ಲಿ ತಪ್ಪೇನಿರ್ನಿಲ್ಲ," ಎಂದರು ಅವರು ಮೆಲ್ಲಗೆ.

ಆಕೆ ಮೊರದ ಮುಂದೆ ಕುಸಿದು ಕೂತು ಸೆರಗನ್ನು ಬಾಯಿಗೊತ್ತಿಕೊಂಡರು. ಮಗಳು ಹೋಗಿ ತಂದೆಯ ತೋಳು ಹಿಡಿದುಕೊಂಡಳು. ನಾನು ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದೆ. ಆಕೆ ಛೀ ಎಂದು ಉಗಿಯಲಿ, ಹೊರಗೆ ನಡಿ ಎನ್ನಲಿ ಎಂದು ಕಾಯುತ್ತ ನಿಂತೆ. ಒಂದು ಮಾತೂ ಬರಲಿಲ್ಲ. ನನಗೆ ಸಲ್ಲಬೇಕಾಗಿದ್ದನ್ನೆಲ್ಲ ಆಕೆ ಹನ್ನೊಂದು ವರ್ಷದಲ್ಲಿ ಆ ಮನುಷ್ಯನಿಗೇ ಅಂದು ಮುಗಿಸಿಬಿಟ್ಟಿದ್ದರು.